ಕಲ್ಲು ತಣಿದ ಕಾಲ

ಶಾಮೊನಿ ಊರಿನ ಸ್ಫಟಿಕ ಸಂಗ್ರಹಾಲಯದಲ್ಲಿ ಒಂದು ಕಪಾಟಿನಿಂದ ಇನ್ನೊಂದಕ್ಕೆ ನಡೆಯುತ್ತ ಹೋದರೆ ಬೆಣಚುಕಲ್ಲಿನ ಹರಳುಗಳ ಬಣ್ಣ ಕಣ್ಣೆದುರೇ ಬದಲಾಗುತ್ತದೆ. ಕೆಲವು ಪೂರ್ತಿ ತಿಳಿ. ಆಚೆ ಬದಿಯ ಅಕ್ಷರ ಓದಬಹುದು. ಕೆಲವು ನಸುಗಂದು. ಕೆಲವಂತೂ ಅಚ್ಚಗಪ್ಪು, ಬೆಳಕಿಗೆ ಹಿಡಿದರೆ ಮಾತ್ರ ಅಂಚಿನಲ್ಲೊಂದು ಕಂದು ಛಾಯೆ ಕಾಣುತ್ತದೆ. ನಡುನಡುವೆ ಗುಲಾಬಿ ಬಣ್ಣದ ಫ್ಲೋರೈಟ್, ಎಂಟು ಮುಖದ ಪುಟ್ಟ ಗಟ್ಟಿಗಳು. ಇವೆಲ್ಲ ಊರಿನ ನೆತ್ತಿಯ ಮೇಲೇ ಎದ್ದು ನಿಂತಿರುವ ಮಾಂಟ್ ಬ್ಲಾಂಕ್ ಪರ್ವತದ ಬಿರುಕುಗಳಿಂದ ಬಂದವು. ಆಲ್ಪ್ಸ್‌ನಲ್ಲಿ ಹರಳು ಹುಡುಕುವವರಿಗೆ ಬಹುಕಾಲದಿಂದ ಗೊತ್ತಿರುವ ಸಂಗತಿಯೊಂದಿದೆ. ಬೆಟ್ಟದಲ್ಲಿ ಮೇಲೆ ಹತ್ತಿದಷ್ಟೂ ಹೊಗೆಬೆಣಚು ಕಪ್ಪಾಗುತ್ತದೆ, ಕೆಳಗಿಳಿದಂತೆ ತಿಳಿಯಾಗುತ್ತದೆ. ಬೆಟ್ಟದ ಒಡಲು ಕೊರೆದು ಮಾಡಿದ ಸುರಂಗಗಳಲ್ಲಿ ಸಿಕ್ಕ ಹರಳುಗಳಿಗೆ ಹೆಚ್ಚುಕಡಿಮೆ ಬಣ್ಣವೇ ಇಲ್ಲ.

ಹೊಗೆಬೆಣಚು ಎಂದರೂ ಆ ಕಪ್ಪು ಹೊಗೆಯದಲ್ಲ. ಬೆಣಚಿನಲ್ಲಿ ಎಲ್ಲೋ ಒಂದೊಂದು ಕಡೆ ಸಿಲಿಕಾನ್ ಕೂರಬೇಕಾದ ಜಾಗದಲ್ಲಿ ಅಲ್ಯೂಮಿನಿಯಂ ಪರಮಾಣು ಕೂತಿರುತ್ತದೆ. ಸುತ್ತಲಿನ ಗ್ರಾನೈಟಿನೊಳಗಿನ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂಗಳು ಹೊರಡಿಸುವ ವಿಕಿರಣ ಲಕ್ಷಾಂತರ ವರ್ಷ ತಾಗಿ ತಾಗಿ ಅಂಥ ಕಡೆಗಳಲ್ಲಿ ಬಣ್ಣ ಕಟ್ಟುತ್ತದೆ. ಆದರೆ ಅದೇ ಹರಳನ್ನು ಇನ್ನೂರು ಮುನ್ನೂರು ಡಿಗ್ರಿಗೆ ಕಾಯಿಸಿದರೆ ಬಣ್ಣ ಅಳಿದುಹೋಗುತ್ತದೆ. ಅಂದ ಮೇಲೆ ಕಪ್ಪು ಹರಳು ತಣ್ಣಗಾಗಿ ಬಹಳ ಕಾಲವಾಗಿದೆ. ತಿಳಿ ಹರಳು ಈಚಿನವರೆಗೂ ಭೂಮಿಯ ಬಿಸಿಯಲ್ಲಿ ಇತ್ತು.

ನನ್ನನ್ನು ಇಲ್ಲಿಗೆ ಕರೆತಂದವಳು ತಂಗಿಯ ಮಗಳು. ಗ್ರೆನೋಬಲ್‌ನಲ್ಲಿ ಭೂವಿಜ್ಞಾನದ ಸಂಶೋಧನೆ ಮಾಡುತ್ತಾಳೆ. “ದೊಡ್ಡಮ್ಮ, ನೀನು ಅಲ್ಲಿ ಮಾಡೋ ಕೆಲಸ ಏನೇ ಅಂತ ಅಮ್ಮ ಫೋನ್ ಮಾಡಿದಾಗೆಲ್ಲ ಕೇಳ್ತಾಳೆ. ಇದೇ ನೋಡು. ಕಲ್ಲು ಯಾವಾಗ ತಣ್ಣಗಾಯ್ತು ಅಂತ ಕಲ್ಲನ್ನೇ ಕೇಳೋದು” ಎಂದಳು. ಥರ್ಮೊಕ್ರೊನಾಲಜಿ ಎಂಬ ಆ ಶಾಸ್ತ್ರದ ಹೆಸರು ಅವಳ ಪತ್ರಗಳಲ್ಲಿ ಓದಿದ್ದೆ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿದವಳು ನಾನು. ಯುರೇನಿಯಂ ಕ್ಷಯಿಸುತ್ತದೆ, ಅದರ ಲೆಕ್ಕದಿಂದ ಕಲ್ಲಿನ ವಯಸ್ಸು ಹೇಳಬಹುದು ಎಂದು ಹಲಗೆಯ ಮೇಲೆ ಬರೆದು ತೋರಿಸಿದವಳು. ಒಂದು ಪರ್ವತ ನೆಲದೊಳಗಿಂದ ಎಷ್ಟು ಬೇಗ ಮೇಲೆ ಬಂತು, ಅದರ ನೆತ್ತಿಯ ಮೇಲಿದ್ದ ಭಾರವೆಲ್ಲ ಯಾವಾಗ ಕಳಚಿತು ಎಂಬುದನ್ನೂ ಅದೇ ಯುರೇನಿಯಂ ಹೇಳುತ್ತದೆ ಎಂಬ ಅರಿವು ನನಗೆ ಈ ಊರಿನಲ್ಲಿ ಆಯಿತು.

ಸಂಗ್ರಹಾಲಯದಿಂದ ಸ್ವಲ್ಪ ದೂರದಲ್ಲೇ ಊರ ನಡುವೆ ಇಬ್ಬರ ವಿಗ್ರಹವಿದೆ. ಒಬ್ಬ ಶಿಖರದತ್ತ ಕೈ ತೋರುತ್ತಿದ್ದಾನೆ, ಇನ್ನೊಬ್ಬ ತಲೆಯೆತ್ತಿ ಅತ್ತ ನೋಡುತ್ತಿದ್ದಾನೆ. ಕೈ ತೋರುವವನು ಜಾಕ್ ಬಾಲ್ಮಾ, ಹರಳು ಹುಡುಕಿ ಮಾರಿ ಬದುಕುತ್ತಿದ್ದವನು. 1786ರಲ್ಲಿ ಊರಿನ ವೈದ್ಯ ಮಿಶೆಲ್ ಪಕ್ಕಾರ್ ಜೊತೆ ಮೊದಲ ಬಾರಿಗೆ ಮಾಂಟ್ ಬ್ಲಾಂಕ್ ತುದಿ ಮುಟ್ಟಿದ. ನೋಡುತ್ತಿರುವವರು ಜಿನೀವಾದ ವಿಜ್ಞಾನಿ ಸೊಸ್ಯೂರ್. ಶಿಖರಕ್ಕೆ ದಾರಿ ಕಂಡುಹಿಡಿದವರಿಗೆ ಬಹುಮಾನ ಕೊಡುತ್ತೇನೆಂದು 1760ರಲ್ಲೇ ಸಾರಿದ್ದವರು ಅವರು. 1787ರಲ್ಲಿ ತಾವೇ ಹತ್ತಿ, ಅಲ್ಲಿ ನೀರು ಎಷ್ಟು ಡಿಗ್ರಿಗೆ ಕುದಿಯುತ್ತದೆ, ಗಾಳಿಯ ಒತ್ತಡ ಎಷ್ಟು ಎಂದು ಅಳೆದರು. ಬೆಟ್ಟದ ಎತ್ತರವನ್ನು ಶಾಖಮಾಪಕದಿಂದ ತಿಳಿಯುವ ಆಸೆ ಈ ಕಣಿವೆಗೆ ಹೊಸದಲ್ಲ.

ಮರುದಿನ ಬೆಳಿಗ್ಗೆ ಎಗ್ವಿ ದ್ಯು ಮಿಡಿ ಶಿಖರಕ್ಕೆ ಹೋಗುವ ಕೇಬಲ್ ಕಾರು ಹತ್ತಿದೆವು. ಊರು ಇರುವುದು ಸಮುದ್ರಮಟ್ಟದಿಂದ 1,035 ಮೀಟರ್ ಎತ್ತರದಲ್ಲಿ, ಶಿಖರದ ಜಗಲಿ 3,842 ಮೀಟರ್‌ನಲ್ಲಿ. 1955ರಿಂದ ಈ ತಂತಿ ಜನರನ್ನು ಮೇಲಕ್ಕೆ ಒಯ್ಯುತ್ತಿದೆ. ಮೊದಲ ಹಂತದಲ್ಲಿ ಪೈನ್ ಮರಗಳ ಕಾಡು ಕೆಳಗೆ ಜಾರುತ್ತದೆ, ಮರ ಮುಗಿದು ಹುಲ್ಲು ಬರುತ್ತದೆ, ಹುಲ್ಲು ಮುಗಿದು ಬರೀ ಕಲ್ಲುಗುಪ್ಪೆ. ನಡುವೆ ಇಳಿದು ಇನ್ನೊಂದು ಗಾಡಿ ಹತ್ತಬೇಕು. ಎರಡನೆಯ ಹಂತದ ತಂತಿಗೆ ನಡುವೆ ಒಂದೇ ಒಂದು ಕಂಬವಿಲ್ಲ. ಗಾಡಿ ಬಂಡೆಯ ಗೋಡೆಗೆ ಎದುರಾಗಿ ನೇರ ಮೇಲಕ್ಕೆ ಏರುತ್ತದೆ. ಕಿಟಕಿಗೆ ಮುಖ ಒತ್ತಿ ನಿಂತಿದ್ದೆ. ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ನಸುಗೆಂಪು ಗ್ರಾನೈಟ್, ಸೀಳು ಸೀಳಾಗಿ, ಮೊನಚು ಮೊನಚಾಗಿ, ಒಂದರ ಮೇಲೊಂದು ನಿಂತು ಕೆಳಗೆ ಹೋಗುತ್ತಿತ್ತು. ಈ ಗ್ರಾನೈಟ್ ಕರಗಿದ ಶಿಲಾಪಾಕವಾಗಿದ್ದು ಗಟ್ಟಿಯಾದದ್ದು ಸುಮಾರು 30 ಕೋಟಿ ವರ್ಷಗಳ ಹಿಂದೆ. ಆಗ ಆಲ್ಪ್ಸ್ ಇರಲಿಲ್ಲ. ಬೇರೊಂದು ಹಳೆಯ ಪರ್ವತಶ್ರೇಣಿಯ ಬುಡದಲ್ಲಿ ಹುಟ್ಟಿದ ಕಲ್ಲು ಇದು. ಆ ಶ್ರೇಣಿ ಸವೆದು, ಅದರ ಮೇಲೆ ಸಮುದ್ರ ಹಬ್ಬಿ, ಸುಣ್ಣದ ಕೆಸರು ಕೂತು, ಆಮೇಲೆ ಆಫ್ರಿಕಾದ ಕಡೆಯ ಭೂಭಾಗ ಯುರೋಪಿಗೆ ಒತ್ತರಿಸಿ ಬಂದಾಗ ಮಡಿಕೆ ಮಡಿಕೆಯಾದ ಪದರಗಳ ಅಡಿಗೆ ಸಿಕ್ಕಿ ಈ ಕಲ್ಲು ಮತ್ತೆ ಆಳಕ್ಕೆ ಹೋಯಿತು, ಸುಮಾರು 400 ಡಿಗ್ರಿ ಬಿಸಿಗೆ. ಸಂಗ್ರಹಾಲಯದ ಹರಳುಗಳು ಆ ಆಳದಲ್ಲಿ ಬಿಸಿನೀರು ತುಂಬಿದ ಬಿರುಕುಗಳಲ್ಲೇ ಬೆಳೆದವು.

ಹಾಗಾಗಿ ಗ್ರಾನೈಟಿನ ಹುಟ್ಟಿನ ವರ್ಷ ತಿಳಿದರೂ ಬೆಟ್ಟದ ವಯಸ್ಸು ತಿಳಿಯುವುದಿಲ್ಲ. ಬೆಟ್ಟದ ವಯಸ್ಸು ಹೇಳುವುದಕ್ಕೆ ಗ್ರಾನೈಟಿನಲ್ಲಿ ಅಲ್ಲೊಂದು ಇಲ್ಲೊಂದು ಚದುರಿರುವ ಅಪಟೈಟ್ ಎಂಬ ಖನಿಜ ಬೇಕು. ಕ್ಯಾಲ್ಸಿಯಂ ಫಾಸ್ಫೇಟ್, ನಮ್ಮ ಹಲ್ಲಿನಲ್ಲಿ ಇರುವುದೂ ಇದರ ಬಂಧುವೇ. ಈ ಸಣ್ಣ ಹರಳುಗಳೊಳಗೆ ಯುರೇನಿಯಂ ಅತಿ ಅಲ್ಪ ಪ್ರಮಾಣದಲ್ಲಿ ಸೇರಿಕೊಂಡಿರುತ್ತದೆ. ಯುರೇನಿಯಂ 238 ಸಾಮಾನ್ಯವಾಗಿ ಆಲ್ಫಾ ಕಣ ಉಗುಳಿ ನಿಧಾನಕ್ಕೆ ಸೀಸದ ಕಡೆಗೆ ಸಾಗುತ್ತದೆ. ಆದರೆ ಸುಮಾರು ಇಪ್ಪತ್ತು ಲಕ್ಷ ಪರಮಾಣುಗಳಲ್ಲಿ ಒಂದು ಮಾತ್ರ ಯಾರೂ ಮುಟ್ಟದೆ, ಯಾವ ನ್ಯೂಟ್ರಾನೂ ಬಡಿಯದೆ, ತಾನಾಗಿ ಎರಡು ಹೋಳಾಗುತ್ತದೆ. ಹೋಳುಗಳು ಎದುರುಬದುರು ದಿಕ್ಕಿಗೆ ಸಿಡಿದು ಹರಳಿನೊಳಗೆ ಒಂದು ನೇರ ಗಾಯದ ಗೆರೆ ಎಳೆಯುತ್ತವೆ. ಆ ಗೆರೆಯ ಉದ್ದ ಮಿಲಿಮೀಟರಿನ ಸಾವಿರ ಭಾಗದಲ್ಲಿ ಹದಿನಾರು. ಅಗಲವೋ ಕೆಲವು ಹತ್ತು ಪರಮಾಣುಗಳಷ್ಟು. ಅಮೆರಿಕದ ಸ್ಕೆನೆಕ್ಟಡಿಯ ಜನರಲ್ ಎಲೆಕ್ಟ್ರಿಕ್ ಪ್ರಯೋಗಾಲಯದಲ್ಲಿ ಫ್ಲೈಷರ್, ಪ್ರೈಸ್, ವಾಕರ್ ಎಂಬ ಮೂವರು 1960ರ ದಶಕದ ಆರಂಭದಲ್ಲಿ ಇಂಥ ಗೆರೆಗಳನ್ನು ಆಮ್ಲದಿಂದ ಕೊರೆದು ಅಗಲಗೊಳಿಸಿ, ಸಾಧಾರಣ ಸೂಕ್ಷ್ಮದರ್ಶಕಕ್ಕೇ ಕಾಣುವಂತೆ ಮಾಡಿದರು. ಗೆರೆಗಳನ್ನು ಎಣಿಸು, ಯುರೇನಿಯಂ ಎಷ್ಟಿದೆ ಎಂದು ಅಳೆ. ಎಷ್ಟು ಕಾಲದಿಂದ ಗೆರೆಗಳು ಕೂಡುತ್ತ ಬಂದಿವೆ ಎಂಬುದು ಸಿಗುತ್ತದೆ.

ಕೂಡುತ್ತ ಬಂದಿವೆ ಎಂದರೆ ಅಳಿಯದೆ ಉಳಿದಿವೆ ಎಂದರ್ಥ. ಬಿಸಿಯಲ್ಲಿ ಹರಳು ತನ್ನ ಗಾಯ ತಾನೇ ಮಾಯಿಸಿಕೊಳ್ಳುತ್ತದೆ. ಕರಗಿದ ತುಪ್ಪದಲ್ಲಿ ಚಮಚದಿಂದ ಗೀರೆಳೆದರೆ ನಿಲ್ಲುತ್ತದೆಯೇ? ಹೆಪ್ಪುಗಟ್ಟಿದ ಮೇಲೆ ಎಳೆದ ಗೀರು ಮಾತ್ರ ಉಳಿಯುತ್ತದೆ. ಅಪಟೈಟಿನ ಹೆಪ್ಪಿನ ಬಿಸಿ ಸುಮಾರು 110 ಡಿಗ್ರಿ. ಅದಕ್ಕಿಂತ ಹೆಚ್ಚಿದ್ದರೆ ಗೆರೆ ಎದ್ದಂತೆಲ್ಲ ಅಳಿಯುತ್ತದೆ. 110ರಿಂದ 60 ಡಿಗ್ರಿಯ ನಡುವೆ ಅರೆಬರೆ ಉಳಿದು ಗಿಡ್ಡವಾಗುತ್ತದೆ. 60ಕ್ಕಿಂತ ಕೆಳಗೆ ಬಹುಮಟ್ಟಿಗೆ ಸುರಕ್ಷಿತ. ಗಿಡ್ಡ ಗೆರೆಗಳು ಎಷ್ಟು, ಉದ್ದದವು ಎಷ್ಟು ಎಂದು ನೋಡಿದರೆ ಕಲ್ಲು ಆ ನಡುವಿನ ಬಿಸಿಯಲ್ಲಿ ತಡೆದು ನಿಂತಿತ್ತೋ, ಭರ್ರನೆ ದಾಟಿ ಬಂತೋ ಎಂಬುದೂ ತಿಳಿಯುತ್ತದೆ.

ಭೂಮಿಯೊಳಗೆ ಇಳಿದಂತೆ ಕಿಲೋಮೀಟರಿಗೆ ಸುಮಾರು 25ರಿಂದ 30 ಡಿಗ್ರಿ ಬಿಸಿ ಏರುತ್ತದೆ. ಅಂದರೆ 110 ಡಿಗ್ರಿ ಸಿಗುವುದು ನಾಲ್ಕು ಕಿಲೋಮೀಟರಿನ ಆಸುಪಾಸಿನಲ್ಲಿ. ಕೇಬಲ್ ಕಾರಿನ ಕಿಟಕಿಯಾಚೆ ನಾನು ಕಂಡ ಆ ಬಂಡೆಯ ಪ್ರತಿಯೊಂದು ಮೊಳವೂ ಒಂದು ಕಾಲದಲ್ಲಿ ಆ ಗಡಿ ದಾಟಿ ಬಂದಿದೆ. ತುದಿಯ ಕಲ್ಲು ಮೊದಲು ದಾಟಿತು, ಬುಡದ ಕಲ್ಲು ಆಮೇಲೆ. ತುದಿಯಲ್ಲಿ ಹೆಚ್ಚು ವಯಸ್ಸು, ಕೆಳಗಿಳಿದಂತೆ ಕಡಿಮೆ. ಹೊಗೆಬೆಣಚು ಮೇಲೆ ಕಪ್ಪು, ಕೆಳಗೆ ತಿಳಿ ಆಗಿದ್ದರ ಹಿಂದೆಯೂ ಇದೇ ಕಾರಣವಿದೆ. ಒಂದೇ ಕಡಿದಾದ ಗೋಡೆಯ ಮೇಲೆ ಒಂದು ಕಿಲೋಮೀಟರ್ ಎತ್ತರದ ಅಂತರದಲ್ಲಿ ತೆಗೆದ ಎರಡು ಕಲ್ಲುಗಳ ವಯಸ್ಸಿನ ನಡುವೆ 20 ಲಕ್ಷ ವರ್ಷ ವ್ಯತ್ಯಾಸವಿದೆ ಎಂದುಕೊಳ್ಳಿ. ಹತ್ತು ಲಕ್ಷ ವರ್ಷಕ್ಕೆ ಅರ್ಧ ಕಿಲೋಮೀಟರ್, ವರ್ಷಕ್ಕೆ ಅರ್ಧ ಮಿಲಿಮೀಟರ್ ವೇಗದಲ್ಲಿ ಕಲ್ಲು ಮೇಲ್ಮೈಯತ್ತ ಬಂದಿದೆ ಎಂದು ಲೆಕ್ಕ ಸಿಗುತ್ತದೆ. ಜರ್ಮನಿಯ ಗುಂಟರ್ ವಾಗ್ನರ್ ಮತ್ತು ಜೊತೆಗಾರರು ಆಲ್ಪ್ಸ್‌ನ ಅಪಟೈಟ್‌ಗಳನ್ನು ಹೀಗೆ ಓದಿ 1972ರಲ್ಲಿ ಬರೆದರು. ಬೆಟ್ಟದ ಎತ್ತರವನ್ನು ಕಾಲದ ಅಳತೆಗೋಲಾಗಿಸಿದ ಈ ಲೆಕ್ಕ ಎಷ್ಟು ಸರಳ! ಇಷ್ಟು ಸರಳವಾದದ್ದು ಇಷ್ಟು ಆಳಕ್ಕೆ ಮುಟ್ಟುವುದನ್ನು ಕಂಡಾಗಲೇ ನನಗೆ ವಿಜ್ಞಾನದ ಮೇಲೆ ಮತ್ತೆ ಮತ್ತೆ ಪ್ರೀತಿ ಉಕ್ಕುವುದು.

ಮಾಂಟ್ ಬ್ಲಾಂಕ್ ಸಮೂಹದ ಅಪಟೈಟ್‌ಗಳ ಈ ವಯಸ್ಸು ಒಂದು ಕೋಟಿ ವರ್ಷಕ್ಕಿಂತ ಕಡಿಮೆ, ಹಲವು ಕಡೆ ಅದರ ಅರ್ಧಕ್ಕಿಂತಲೂ ಕಡಿಮೆ. 30 ಕೋಟಿ ವರ್ಷದ ಕಲ್ಲಿನಲ್ಲಿ 29 ಕೋಟಿ ವರ್ಷದ ಗೆರೆಗಳೆಲ್ಲ ಅಳಿದುಹೋಗಿ, ಕೊನೆಯ ತುಣುಕಿನ ಲೆಕ್ಕ ಮಾತ್ರ ಉಳಿದಿದೆ.

ಎಗ್ವಿ ದ್ಯು ಮಿಡಿಯ ನೆತ್ತಿಗೆ ಬಂಡೆಯೊಳಗೇ ಕೊರೆದ ಲಿಫ್ಟ್ ಒಯ್ಯುತ್ತದೆ. ಬಾಗಿಲು ತೆರೆದು ಹೊರಗೆ ಕಾಲಿಟ್ಟರೆ ಉಸಿರು ಕಿರಿದಾಗುತ್ತದೆ. ಎದುರಿಗೆ ಮಾಂಟ್ ಬ್ಲಾಂಕ್, 4,800 ಮೀಟರಿಗೂ ಮೇಲೆ, ಒಂದು ಮೊನೆಯೂ ಇಲ್ಲದ ದುಂಡು ಬಿಳುಪು. ನೆತ್ತಿಯ ಮೇಲೆ ಹಿಮದ ಟೊಪ್ಪಿಗೆ ಇರುವುದರಿಂದ ಎರಡು ವರ್ಷಕ್ಕೊಮ್ಮೆ ಅಳೆದಾಗಲೆಲ್ಲ ಎತ್ತರ ಬದಲಾಗುತ್ತದೆ. 2023ರ ಅಳತೆ 4,805.59 ಮೀಟರ್. ಸುತ್ತಲೂ ಈಟಿಗಳಂಥ ಶಿಖರಗಳು ಸಾಲುಗಟ್ಟಿದ್ದವು. ಕೆಳಗೆ, ಕಣ್ಣು ಕತ್ತಲೆ ಬರುವಷ್ಟು ಕೆಳಗೆ, ಶಾಮೊನಿಯ ಮನೆಗಳು. ಅಷ್ಟು ಎತ್ತರದಲ್ಲಿ ನಿಂತು ಇದು ನಾಲ್ಕು ಕಿಲೋಮೀಟರಿಗೂ ಕೆಳಗೆ ಕತ್ತಲಲ್ಲಿ ಕುದಿಬಿಸಿಯಲ್ಲಿದ್ದ ಕಲ್ಲು ಎಂದು ನೆನೆದರೆ ಎದೆ ತುಂಬಿ ಬರುತ್ತದೆ. ನಾನು ಅಂಗೈಯನ್ನು ಬಂಡೆಗೆ ಒತ್ತಿ ಹಿಡಿದೆ. ಬಿಸಿಲಿದ್ದರೂ ಮಂಜಿನಷ್ಟು ತಣ್ಣಗಿತ್ತು.

“ಇದರ ಮೇಲಿದ್ದ ಅಷ್ಟು ಕಲ್ಲು ಎಲ್ಲಿ ಹೋಯ್ತೇ ಪುಟ್ಟಿ?” ಎಂದೆ. ಅವಳು ಕಣಿವೆಯಾಚೆ ಎದುರು ಸಾಲಿನ ಎಗ್ವಿ ರೂಜ್ ಬೆಟ್ಟಗಳನ್ನು ತೋರಿಸಿದಳು. ಅಲ್ಲಿ ಒಂದು ಶಿಖರದ ನೆತ್ತಿಯ ಮೇಲೆ, ಹಳೆಯ ಗಟ್ಟಿ ಶಿಲೆಯ ಮೇಲೆ ಅಂಟಿಕೊಂಡಂತೆ, ಸಮುದ್ರದಲ್ಲಿ ಕೂತ ಪದರಗಳ ಒಂದು ಸಣ್ಣ ತುಣುಕು ಇವತ್ತಿಗೂ ಉಳಿದಿದೆ. ಈ ಕಡೆ ಅಷ್ಟೂ ಇಲ್ಲ, ಪೂರ್ತಿ ಹೋಗಿದೆ. ಹೋದದ್ದು ಹಿಮನದಿಗಳ ಬೆನ್ನೇರಿ, ಅರ್ವ್ ನದಿ ಸೇರಿ, ರೋನ್ ಸೇರಿ ಮೆಡಿಟರೇನಿಯನ್ ಸಮುದ್ರಕ್ಕೆ. ಆಚೆ ಬದಿಯಲ್ಲಿ ಪೋ ನದಿಯ ಬಯಲಿಗೆ.

ಇಲ್ಲೊಂದು ಸೂಕ್ಷ್ಮವಿದೆ. ಅಪಟೈಟ್ ಹೇಳುವುದು ತಾನು ನೆಲದ ಮೇಲ್ಮೈಗೆ ಎಷ್ಟು ಹತ್ತಿರವಾದೆ ಎಂಬುದನ್ನು. ಬೆಟ್ಟದ ತುದಿ ಸಮುದ್ರಮಟ್ಟದಿಂದ ಎಷ್ಟು ಮೇಲೇರಿತು ಎಂಬುದನ್ನಲ್ಲ. ಕಲ್ಲು ಐದು ಕಿಲೋಮೀಟರ್ ಏರಿ, ಮೇಲಿನ ಐದು ಕಿಲೋಮೀಟರ್ ಸವೆದುಹೋದರೆ ಬೆಟ್ಟದ ಎತ್ತರ ಇದ್ದಷ್ಟೇ ಇರುತ್ತದೆ. ನೆಲದ ಏರಿಕೆ, ಕಲ್ಲಿನ ಏರಿಕೆ, ಕಲ್ಲು ಬಯಲಿಗೆ ಬರುವುದು, ಈ ಮೂರೂ ಬೇರೆ ಬೇರೆ ಎಂದು ಫಿಲಿಪ್ ಇಂಗ್ಲೆಂಡ್ ಮತ್ತು ಪೀಟರ್ ಮೋಲ್ನಾರ್ 1990ರಲ್ಲಿ ಬರೆದ ಪುಟ್ಟ ಲೇಖನ ಈ ಕ್ಷೇತ್ರದಲ್ಲಿ ಎಲ್ಲರೂ ಓದುವಂಥದ್ದು. ಅದಕ್ಕೂ ಮೊದಲು ಈ ಮೂರನ್ನೂ ಒಂದೇ ಮಾತಿನಲ್ಲಿ ಬೆರೆಸಿ, ಕಲ್ಲು ತಣಿದ ವೇಗವನ್ನೇ ಬೆಟ್ಟ ಬೆಳೆದ ವೇಗವೆಂದು ಹೇಳುತ್ತಿದ್ದವರು ಅನೇಕರು. ಸವೆತವೇ ಕಲ್ಲನ್ನು ಮೇಲೆ ತರುತ್ತದೆ ಎಂಬುದು ನನಗೆ ಇನ್ನೂ ಪೂರ್ತಿ ಒಗ್ಗದ ಬೆರಗು. ಮೇಲಿನ ಭಾರ ಇಳಿದಂತೆ ಕೆಳಗಿನ ಭೂಚಿಪ್ಪು ಹಗುರಾಗಿ ಮೇಲೇಳುತ್ತದೆ. ಬೆಟ್ಟ ಸವೆಯುತ್ತಲೇ ಏರುತ್ತದೆ.

ಈ ವಿದ್ಯೆಯ ಹುಟ್ಟಿನ ಕಥೆಯೂ ಇಂಥದ್ದೇ. 1905ರ ಸುಮಾರಿಗೆ ಅರ್ನೆಸ್ಟ್ ರುದರ್‌ಫರ್ಡ್ ಖನಿಜಗಳೊಳಗೆ ಕೂಡಿದ ಹೀಲಿಯಂ ಅಳೆದು ವಯಸ್ಸು ಹೇಳಲು ಹೊರಟರು. ಯುರೇನಿಯಂ ಉಗುಳುವ ಆಲ್ಫಾ ಕಣವೇ ಹೀಲಿಯಂ. ಆದರೆ ಲೆಕ್ಕ ಸದಾ ಕಡಿಮೆ ಬರುತ್ತಿತ್ತು, ಅನಿಲ ಸೋರಿಹೋಗುತ್ತಿತ್ತು. ಸೋರುವ ಗಡಿಯಾರ ಯಾರಿಗೆ ಬೇಕು? ಹಲವು ದಶಕ ಆ ದಾರಿ ಹೆಚ್ಚುಕಡಿಮೆ ಹಾಳುಬಿತ್ತು. 1960ರ ದಶಕದಲ್ಲಿ ಇಲ್ಲಿಗೆ ದೂರವಲ್ಲದ ಬರ್ನ್‌ನಲ್ಲಿ ಎಮಿಲೀ ಯೇಗರ್ ಎಂಬ ಮಹಿಳೆ ಆಲ್ಪ್ಸ್‌ನ ಕಾಗೆಬಂಗಾರದ ವಯಸ್ಸುಗಳನ್ನು ಅಳೆಯುತ್ತ, ಅವು ಖನಿಜ ಹುಟ್ಟಿದ ಕಾಲವನ್ನಲ್ಲ, ತಣ್ಣಗಾದ ಕಾಲವನ್ನು ಹೇಳುತ್ತಿವೆ ಎಂದು ಕಂಡರು. 1973ರಲ್ಲಿ ಮಾರ್ಟಿನ್ ಡಾಡ್ಸನ್ ಒಂದೊಂದು ಖನಿಜವೂ ಯಾವ ಬಿಸಿಗೆ ಬಾಗಿಲು ಮುಚ್ಚುತ್ತದೆ ಎಂಬುದಕ್ಕೆ ಗಣಿತ ಕೊಟ್ಟರು. 1987ರಲ್ಲಿ ಪೀಟರ್ ಝೈಟ್ಲರ್ ಮತ್ತು ಜೊತೆಗಾರರು ಹೀಲಿಯಂ ಸೋರಿಕೆಯನ್ನೇ ಹಿಡಿದು, ಅಪಟೈಟಿನಲ್ಲಿ ಅದು ತಕ್ಕಷ್ಟು ತಣಿದ ಮೇಲೆ ನಿಲ್ಲುತ್ತದೆ, ಆದ್ದರಿಂದ ಇದು ತಣಿಯುವಿಕೆಯ ಗಡಿಯಾರ ಎಂದರು. ಎಂಬತ್ತು ವರ್ಷ ದೋಷವೆನಿಸಿದ್ದ ಸೋರಿಕೆ ಒಂದು ಶಾಸ್ತ್ರದ ತಳಹದಿಯಾಯಿತು. ಈಗ ಇಡೀ ಏಣಿಯಿದೆ. ಬಿಳಿ ಕಾಗೆಬಂಗಾರದಲ್ಲಿ ಆರ್ಗಾನ್ ಸುಮಾರು 400 ಡಿಗ್ರಿಗೆ ಸೆರೆಯಾಗುತ್ತದೆ, ಕಪ್ಪು ಕಾಗೆಬಂಗಾರದಲ್ಲಿ 300ರ ಆಸುಪಾಸಿಗೆ, ಜಿರ್ಕಾನಿನಲ್ಲಿ ಗೆರೆಗಳು 240ರ ಹತ್ತಿರ ನಿಲ್ಲುತ್ತವೆ, ಅದರಲ್ಲೇ ಹೀಲಿಯಂ 180ರ ಹತ್ತಿರ, ಆಮೇಲೆ ಅಪಟೈಟಿನ ಗೆರೆ, ಕೊನೆಗೆ 70ರ ಹತ್ತಿರ ಅಪಟೈಟಿನ ಹೀಲಿಯಂ. ಒಂದೇ ಕಲ್ಲಿನ ಮುಷ್ಟಿಯಲ್ಲಿ ಇಷ್ಟು ಗಡಿಯಾರಗಳು, ಒಂದೊಂದೂ ಒಂದೊಂದು ಆಳದಲ್ಲಿ ಶುರುವಾದವು.

ಜಗಲಿಯಿಂದ ಮಾಂಟ್ ಬ್ಲಾಂಕ್ ಕಡೆಗೆ ನಿಂತರೆ ಬಲಕ್ಕೆ ಬೊಸ್ಸೋಂ ಹಿಮನದಿ ನೆತ್ತಿಯಿಂದ ಕಣಿವೆಗೆ ಇಳಿಯುವುದು ಕಾಣುತ್ತದೆ. ಅದನ್ನು ನೋಡಿದ ಮೇಲೆ ಬಹಳ ಹೊತ್ತು ನಾನು ಮಾತಾಡಲಿಲ್ಲ. 1966ರ ಜನವರಿ 24ರ ಬೆಳಿಗ್ಗೆ ಜಿನೀವಾಕ್ಕೆ ಇಳಿಯಬೇಕಿದ್ದ ಏರ್ ಇಂಡಿಯಾದ ‘ಕಾಂಚನಜುಂಗಾ’ ವಿಮಾನ ಈ ಶಿಖರದ ಹತ್ತಿರ ಅಪ್ಪಳಿಸಿ 117 ಜನ ತೀರಿಕೊಂಡರು. ಅವರಲ್ಲಿ ವಿಜ್ಞಾನಿ ಹೋಮಿ ಭಾಭಾ ಒಬ್ಬರು, ವಿಯೆನ್ನಾದ ಸಭೆಗೆ ಹೊರಟಿದ್ದವರು. 1950ರ ನವೆಂಬರ್ 3ರಂದು ಏರ್ ಇಂಡಿಯಾದ್ದೇ ‘ಮಲಬಾರ್ ಪ್ರಿನ್ಸೆಸ್’ ವಿಮಾನ ಕೂಡ ಇಲ್ಲೇ ಬಿದ್ದಿತ್ತು, 48 ಜನರೊಂದಿಗೆ. ಅಲ್ಲಿಂದ ಇಲ್ಲಿಯವರೆಗೆ ಬೊಸ್ಸೋಂ ಹಿಮನದಿ ತನ್ನೊಳಗೆ ಹೂತದ್ದನ್ನು ಒಂದೊಂದಾಗಿ ಕೆಳಗೆ ತಂದು ಒಪ್ಪಿಸುತ್ತಿದೆ. 2012ರಲ್ಲಿ ಭಾರತ ಸರ್ಕಾರದ ರಾಜತಾಂತ್ರಿಕ ಟಪಾಲಿನ ಚೀಲ ಸಿಕ್ಕಿತು. 2013ರಲ್ಲಿ ಪಚ್ಚೆ, ನೀಲಗಳ ಪೆಟ್ಟಿಗೆ. 2020ರಲ್ಲಿ ಇಂದಿರಾ ಗಾಂಧಿಯವರು ಪ್ರಧಾನಿಯಾಗಿ ಆಯ್ಕೆಯಾದ ಸುದ್ದಿಯ ಪತ್ರಿಕೆಗಳು, ಓದಲು ಬರುವಂತೆ. ನೆಲದಡಿ ಹೂತದ್ದು ಮೇಲಿನ ಹೊದಿಕೆ ಕರಗಿ ಬಯಲಾಗುವ ಕ್ರಿಯೆ ಇಲ್ಲಿ ಒಬ್ಬ ಮನುಷ್ಯನ ಆಯುಷ್ಯದೊಳಗೇ ನಡೆಯುತ್ತಿದೆ, ಮತ್ತು ಬಯಲಾಗುತ್ತಿರುವುದು ನಮ್ಮವರ ಕೈಬರಹ.

ಭಾಭಾ ವಿಜ್ಞಾನಿಯಾಗಿ ಭಾರತದಲ್ಲಿ ನೆಲೆ ನಿಂತದ್ದು ನಮ್ಮ ಬೆಂಗಳೂರಿನಲ್ಲಿ. 1939ರಲ್ಲಿ ರಜೆಗೆ ಬಂದವರು ಯುದ್ಧದಿಂದ ಕೇಂಬ್ರಿಜ್‌ಗೆ ಮರಳಲಾಗದೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾಸ್ಮಿಕ್ ಕಿರಣಗಳ ಅಧ್ಯಯನ ಶುರುಮಾಡಿದರು. 1945ರಲ್ಲಿ ಬಾಂಬೆಯಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಕಟ್ಟಿದರು. ಆ ಸಂಸ್ಥೆಯಲ್ಲಿ ಬೆಳೆದ ದೇವೇಂದ್ರ ಲಾಲ್, ಕಾಸ್ಮಿಕ್ ಕಿರಣಗಳು ಬಂಡೆಯ ಮೇಲ್ಮೈಯ ಬೆಣಚಿನಲ್ಲಿ ಹುಟ್ಟಿಸುವ ಬೆರಿಲಿಯಂ 10 ಮುಂತಾದ ಪರಮಾಣುಗಳಿಂದ ಸವೆತದ ವೇಗ ಅಳೆಯುವ ಗಣಿತವನ್ನು 1991ರಲ್ಲಿ ಕೊಟ್ಟರು. ಇಂದು ಜಗತ್ತಿನ ಯಾವ ಬೆಟ್ಟದ ಸವೆತದ ಬಗ್ಗೆ ಓದಿದರೂ ಲಾಲ್ ಹೆಸರು ಎದುರಾಗುತ್ತದೆ. ಅಪಟೈಟ್ ಲಕ್ಷ, ಕೋಟಿ ವರ್ಷಗಳ ಕಥೆ ಹೇಳಿದರೆ ಬೆರಿಲಿಯಂ ಸಾವಿರಾರು ವರ್ಷಗಳದ್ದನ್ನು ಹೇಳುತ್ತದೆ. ಭಾಭಾ ಹಚ್ಚಿದ ದೀಪದ ಬೆಳಕು ಅವರನ್ನು ನುಂಗಿದ ಬೆಟ್ಟದ ಮೇಲೂ ಬಿದ್ದಿದೆ ಎಂದು ಅವತ್ತು ನನಗೆ ಅನ್ನಿಸಿತು, ಈಗಲೂ ಅನ್ನಿಸುತ್ತದೆ.

ಮೇರ್ ದ ಗ್ಲಾಸ್ ಎಂಬ ದೊಡ್ಡ ಹಿಮನದಿಗೆ ಹಲ್ಲುಕಂಬಿಯ ಕೆಂಪು ರೈಲಿನಲ್ಲಿ ಹೋದೆವು. ರೈಲು ಬಂದ ಕಾಲದಲ್ಲಿ, 1908ರ ಸುಮಾರಿಗೆ, ಹಿಮ ನಿಲ್ದಾಣದ ಹತ್ತಿರದವರೆಗೂ ಇತ್ತು. ಈಗ ಕೆಳಗೆ ಇಳಿಯುತ್ತಲೇ ಇರಬೇಕು. ಇಂಥ ವರ್ಷ ಹಿಮ ಇಲ್ಲಿಯವರೆಗೆ ಇತ್ತು ಎಂದು ಬಂಡೆಯ ಮೇಲೆ ಫಲಕಗಳಿವೆ. ನೋಡಲು ಸಂಕಟವಾಗುತ್ತದೆ. ಹಿಮ ಸರಿದ ಕಡೆ ಕಣಿವೆಯ ಗೋಡೆ ಉಜ್ಜಿ ನುಣುಪಾಗಿದೆ, ಉದ್ದಕ್ಕೆ ಗೀರುಗಳಿವೆ. ಇಂಥ ಹಿಮನದಿಗಳೇ ಈ ಕಣಿವೆಗಳನ್ನು ಇಷ್ಟು ಆಳ ತೋಡಿದವೇ, ಅಥವಾ ಕಣಿವೆಗಳು ಮೊದಲೇ ಇದ್ದವೇ? ಇದಕ್ಕೂ ಅಪಟೈಟ್ ಉತ್ತರ ಕೊಟ್ಟಿದೆ. ಹರಳಿನ ಅಂಚಿನಿಂದ ನಡುವಿನವರೆಗೆ ಹೀಲಿಯಂ ಹೇಗೆ ಹಂಚಿದೆ ಎಂದು ಅಳೆದರೆ 70 ಡಿಗ್ರಿಗಿಂತಲೂ ಕೆಳಗಿನ, ಮೇಲ್ಮೈಗೆ ತೀರಾ ಹತ್ತಿರದ ಇತಿಹಾಸ ತಿಳಿಯುತ್ತದೆ. ಪಿಯೇರ್ ವಲ್ಲಾ, ಡೇವಿಡ್ ಶುಸ್ಟರ್, ಪೀಟರ್ ವಾನ್ ಡರ್ ಬೀಕ್ 2011ರಲ್ಲಿ ಸ್ವಿಸ್ ಕಡೆಯ ರೋನ್ ಕಣಿವೆಯ ಕಲ್ಲುಗಳಲ್ಲಿ ಹೀಗೆ ನೋಡಿದರು. ಸುಮಾರು ಹತ್ತು ಲಕ್ಷ ವರ್ಷಗಳಿಂದ ಈಚೆಗೆ, ಹಿಮಯುಗಗಳು ಉಗ್ರವಾದ ಮೇಲೆ, ಕಣಿವೆ ಒಂದರಿಂದ ಒಂದೂವರೆ ಕಿಲೋಮೀಟರ್ ಆಳವಾಗಿದೆ. ನಾವು ಹಾಡಿ ಹೊಗಳುವ, ಚಿತ್ರಪಟಗಳಲ್ಲಿ ತೂಗುಹಾಕುವ ಆಲ್ಪ್ಸ್‌ನ ಈ ಕಡಿದಾದ ಚೆಲುವು ಮನುಷ್ಯಕುಲದ ಪೂರ್ವಜರು ಭೂಮಿಯ ಮೇಲೆ ಓಡಾಡುತ್ತಿದ್ದಾಗಲೇ ರೂಪುಗೊಂಡದ್ದು.

ನಾನು ಹುಟ್ಟಿ ಬೆಳೆದದ್ದು ಆಗುಂಬೆಯ ಸೀಮೆಯಲ್ಲಿ. ಸಹ್ಯಾದ್ರಿಯ ಅಂಚಿನಲ್ಲಿ ನಿಂತು ಕರಾವಳಿಗೆ ಇಣುಕುವ ಪ್ರಪಾತ ನನಗೆ ಬಾಲ್ಯದ ಅಂಗಳ. ಯಾನಿ ಗನೆಲ್ ಮತ್ತು ಸಂಗಡಿಗರು 2003ರಲ್ಲಿ ಪಶ್ಚಿಮಘಟ್ಟದ ಕಲ್ಲುಗಳ ಅಪಟೈಟ್ ಗೆರೆಗಳ ಬಗ್ಗೆ ಬರೆದಿದ್ದಾರೆ. ಘಟ್ಟದ ಮೇಲಿನ ಪ್ರಸ್ಥಭೂಮಿಯಲ್ಲಿ ಆ ವಯಸ್ಸು ಹತ್ತಾರು ಕೋಟಿ ವರ್ಷ. ಘಟ್ಟದ ಕೆಳಗೆ ಕಡಲ ಕಡೆಗೆ ಕಡಿಮೆ, ಆದರೂ ಮಾಂಟ್ ಬ್ಲಾಂಕ್ ಲೆಕ್ಕದ ಮುಂದೆ ಅದೆಷ್ಟೋ ಪಟ್ಟು ಹೆಚ್ಚು. ನಮ್ಮ ಪ್ರಸ್ಥಭೂಮಿಯ ನೆಲ ಡೈನೋಸಾರುಗಳ ಕಾಲದಿಂದ ಅಂಥ ದೊಡ್ಡ ಹೊದಿಕೆಯನ್ನು ಕಳೆದುಕೊಂಡಿಲ್ಲ. ಕರಾವಳಿಯ ಕಡೆ ಮಾತ್ರ, ಮಡಗಾಸ್ಕರ್ ಮತ್ತು ಸೀಶೆಲ್ಸ್ ನಮ್ಮಿಂದ ಬೇರ್ಪಟ್ಟ ಮೇಲೆ, ಸವೆತ ಹೆಚ್ಚು ನಡೆದಿದೆ. ಮಳೆಗಾಲದಲ್ಲಿ ತೊರೆಗಳು ಕೆಂಪಾಗಿ ಹರಿಯುವುದನ್ನು ಕಂಡು, ಗುಡ್ಡವೆಲ್ಲ ಕರಗಿಹೋಗುತ್ತಿದೆ ಎಂದು ಮಗುವಾಗಿದ್ದಾಗ ಗಾಬರಿಗೊಳ್ಳುತ್ತಿದ್ದೆ. ಅಷ್ಟು ಮಳೆಗೂ ಅಲುಗದೆ ಕೂತ ನೆಲ ಅದು ಎಂದು ತಿಳಿಯಲು ಆಲ್ಪ್ಸ್‌ಗೆ ಬರಬೇಕಾಯಿತು.

ಪ್ರಯೋಗಾಲಯದ ಕೆಲಸವನ್ನು ತಂಗಿಯ ಮಗಳು ಗ್ರೆನೋಬಲ್‌ನಲ್ಲಿ ತೋರಿಸಿದಳು. ಕೆಲವು ಕಿಲೋ ಕಲ್ಲು ಜಜ್ಜಿ, ಜರಡಿ ಹಿಡಿದು, ಅಯಸ್ಕಾಂತದಿಂದ ಬೇರ್ಪಡಿಸಿ, ಭಾರದ್ರವದಲ್ಲಿ ಮುಳುಗಿಸಿ ಅಪಟೈಟ್ ತೆಗೆಯುತ್ತಾರೆ. ಅದನ್ನು ರಾಳದಲ್ಲಿ ಕೂರಿಸಿ, ಉಜ್ಜಿ ಹೊಳಪಿಸಿ, ನೈಟ್ರಿಕ್ ಆಮ್ಲದಲ್ಲಿ ಇಪ್ಪತ್ತು ಸೆಕೆಂಡ್ ಅದ್ದುತ್ತಾರೆ. ಯುರೇನಿಯಂ ಎಷ್ಟಿದೆ ಎಂದು ತಿಳಿಯಲು ಮೇಲೊಂದು ಕಾಗೆಬಂಗಾರದ ತೆಳು ಹಾಳೆ ಅಂಟಿಸಿ ಪರಮಾಣು ರಿಯಾಕ್ಟರಿಗೆ ಕಳಿಸುವ ಪದ್ಧತಿಯಿದೆ. ನ್ಯೂಟ್ರಾನ್ ಬಡಿದು ಒಡೆದ ಯುರೇನಿಯಂ 235ರ ಗೆರೆಗಳು ಆ ಹಾಳೆಯ ಮೇಲೆ ಮೂಡುತ್ತವೆ. ಆಮೇಲೆ ಎಣಿಕೆ. ಸೂಕ್ಷ್ಮದರ್ಶಕದಲ್ಲಿ ನಾನೂ ನೋಡಿದೆ. ನಸುಬೂದು ಬಯಲಿನಲ್ಲಿ ಕಪ್ಪು ಸಣ್ಣ ಗೆರೆಗಳು, ಒಂದಕ್ಕೊಂದು ಸಂಬಂಧವಿಲ್ಲದ ದಿಕ್ಕುಗಳಲ್ಲಿ. ಒಂದೊಂದು ಗೆರೆಯೂ ಒಂದೇ ಒಂದು ಪರಮಾಣು ಒಡೆದ ಗುರುತು. ಒಂದೇ ಪರಮಾಣುವಿನ ಸಾವನ್ನು, ಅದೂ ಲಕ್ಷಾಂತರ ವರ್ಷಗಳ ಹಿಂದಿನದನ್ನು, ಕಣ್ಣಾರೆ ಕಾಣಬಹುದು ಎಂದು ನನ್ನ ವಿದ್ಯಾರ್ಥಿಗಳಿಗೆ ನಾನು ಹೇಳಿರಲಿಲ್ಲ. ಈಗಿನ ಮೇಷ್ಟ್ರುಗಳು ಹೇಳಬೇಕು.

ಅವಳಿಗೆ ಬೇಕಿದ್ದ ಹೊಳೆಮರಳು ತರಲು ಇಟಲಿಯ ಕಡೆಗೂ ಹೋದೆವು. ಅಲ್ಲಿಗೆ ಹೋಗುವ ಬಸ್ಸು ಮಾಂಟ್ ಬ್ಲಾಂಕ್ ಸುರಂಗದ ಮೂಲಕ ಸಾಗುತ್ತದೆ. 1965ರಲ್ಲಿ ತೆರೆದ ದಾರಿ, 11.6 ಕಿಲೋಮೀಟರ್ ಉದ್ದ. ವಾಹನಗಳ ನಡುವೆ 150 ಮೀಟರ್ ಅಂತರ ಬಿಡಬೇಕು, ಗಂಟೆಗೆ 70 ಕಿಲೋಮೀಟರ್ ಮೀರುವಂತಿಲ್ಲ. ಹಾಗಾಗಿ ಬೆಟ್ಟದ ಕೆಳಗೆ ಇದ್ದೇವೆ ಎಂದು ನೆನೆಯಲು ಸಾಕಷ್ಟು ಸಮಯ ಸಿಗುತ್ತದೆ. ನಾವು ಬೆರಗಿನಿಂದ ನಿಂತಿದ್ದ ಎಗ್ವಿ ದ್ಯು ಮಿಡಿ ಈಗ ನೇರ ತಲೆಯ ಮೇಲೆ, ನಡುವೆ 2,480 ಮೀಟರ್ ಕಲ್ಲು. ಥರ್ಮೊಕ್ರೊನಾಲಜಿಯವರಿಗೆ ಈ ಸುರಂಗ ದೊಡ್ಡ ವರ. ಬೆಟ್ಟದ ಮೇಲ್ಮೈಯಲ್ಲಿ ತೆಗೆದ ಕಲ್ಲಿಗೂ ಅದರ ನೇರ ಕೆಳಗೆ ತೆಗೆದ ಕಲ್ಲಿಗೂ ಹೋಲಿಸಬಹುದು. ಏಕೆಂದರೆ ನಾನು ಮೊದಲು ಹೇಳಿದ ಸರಳ ಲೆಕ್ಕದಲ್ಲಿ ಒಂದು ತೊಡಕಿದೆ: 110 ಡಿಗ್ರಿಯ ಗಡಿ ನೆಲದಡಿ ಸಮತಟ್ಟಾಗಿ ಹಾಸಿಕೊಂಡಿಲ್ಲ. ಬೆಟ್ಟದ ಕೆಳಗೆ ಅದು ಉಬ್ಬುತ್ತದೆ, ಕಣಿವೆಯ ಕೆಳಗೆ ತಗ್ಗುತ್ತದೆ. ಕಲ್ಲು ಬೇಗ ಮೇಲೆ ಬರುತ್ತಿದ್ದರೆ ಬಿಸಿಯನ್ನೂ ಜೊತೆಗೆ ಹೊತ್ತು ತರುವುದರಿಂದ ಇನ್ನಷ್ಟು ಮೇಲೇಳುತ್ತದೆ. ಆ ಉಬ್ಬುತಗ್ಗು ಎಷ್ಟು, ಕಣಿವೆ ಯಾವಾಗ ಆಳವಾಯಿತು ಎಂದು ಬಿಡಿಸಲು ಸುರಂಗದ ಕಲ್ಲು ಬೇಕು. ಕ್ರಿಸ್ಟೋಫ್ ಗ್ಲೊಟ್ಜ್‌ಬಾಖ್ ಮತ್ತು ಸಂಗಡಿಗರು ಆ ಕೆಲಸ ಮಾಡಿದ್ದಾರೆ. ಇಲ್ಲಿಯೂ ಕಣಿವೆಗಳು ಆಳವಾದದ್ದು ಹಿಮಯುಗಗಳ ಕಾಲಕ್ಕೇ ಹೊಂದುತ್ತದೆ.

ಕೂರ್ಮಯೂರ್ ದಾಟಿ ಆವೊಸ್ತಾ ಕಣಿವೆಯಲ್ಲಿ ಡೋರಾ ಬಾಲ್ಟೆಯಾ ನದಿ ಜೊತೆಗೇ ಹರಿಯುತ್ತದೆ, ಹಿಮನದಿಗಳು ಅರೆದ ಹಿಟ್ಟಿನಿಂದ ಬೂದುಬಣ್ಣವಾಗಿ. ಮಿಲಾನ್‌ನ ಬಿಕೋಕ್ಕಾ ವಿಶ್ವವಿದ್ಯಾಲಯದ ಆಲ್ಬರ್ಟೊ ರೆಸೆಂಟಿನಿ ಮತ್ತು ಮಾರ್ಕೊ ಮಾಲುಸಾ 2012ರಲ್ಲಿ ಈ ನದಿಯ ಮರಳಿನೊಳಗಿನ ಅಪಟೈಟ್‌ಗಳ ಗೆರೆ ಎಣಿಸಿ, ಯಾವ ಬೆಟ್ಟದಿಂದ ಎಷ್ಟು ಮರಳು ಬರುತ್ತಿದೆ ಎಂದು ಲೆಕ್ಕ ಹಾಕಿದರು. ನದಿಯ ಜಲಾನಯನದ ಬೇರೆ ಬೆಟ್ಟಗಳ ಅಪಟೈಟ್‌ಗಳ ವಯಸ್ಸು ಹೆಚ್ಚು. ಮಾಂಟ್ ಬ್ಲಾಂಕ್ ಕಣಗಳು ಎಳೆಯವು, ಆದ್ದರಿಂದ ಬೆರೆತರೂ ಗುರುತು ಸಿಗುತ್ತವೆ. ಮಾಂಟ್ ಬ್ಲಾಂಕ್ ಸಮೂಹ ತನ್ನ ಸುತ್ತಲಿನ ಬೆಟ್ಟಗಳಿಗಿಂತ ಬೇಗ ಸವೆಯುತ್ತಿದೆ ಎಂಬುದು ಹೀಗೆ ಹೊಳೆಯ ಮರಳಿನಿಂದಲೇ ತಿಳಿಯಿತು.

ನದಿ ಬಾಗುವ ಒಂದು ಕಡೆ ಇಳಿದೆವು. ಅವಳು ಮೊಣಕಾಲವರೆಗೆ ಪ್ಯಾಂಟು ಮಡಿಸಿ ನೀರಿಗಿಳಿದು, ಭಾರದ ಖನಿಜಗಳು ಕೂಡುವ ಕಪ್ಪು ಮರಳಿನ ಎಳೆ ಹುಡುಕಿ ಚೀಲಕ್ಕೆ ತುಂಬಿದಳು. ನಾನು ದಡದಲ್ಲಿ ಚೀಲದ ಬಾಯಿ ಹಿಡಿದು ನಿಂತೆ.

“ಇದರಲ್ಲಿ ನೂರು ಒಳ್ಳೆ ಅಪಟೈಟ್ ಸಿಕ್ಕರೆ ಸಾಕು ದೊಡ್ಡಮ್ಮ.”

“ಅಷ್ಟು ಸಿಗುತ್ತಾ?”

“ಗ್ರಾನೈಟ್ ಬೆಟ್ಟದ ಹೊಳೆ ಇದು. ಬೇಕಾದಷ್ಟು ಸಿಗುತ್ತೆ. ಆದರೆ ಒಂದೊಂದನ್ನೂ ನೋಡಿ ಎಣಿಸಬೇಕಲ್ಲ, ಚಳಿಗಾಲ ಪೂರ್ತಿ ಅದೇ ಕೆಲಸ.”

ಚೀಲದ ಮೇಲೆ ಜಾಗದ ಅಕ್ಷಾಂಶ ರೇಖಾಂಶ ಬರೆದು ಬಾಯಿ ಕಟ್ಟಿದಳು. ಪೋ ನದಿಗೆ ಸೇರುವ ಮೊದಲು ಇನ್ನೂ ಕೆಳಗೊಂದು ಕಡೆ ಮರಳು ತೆಗೆಯಬೇಕಿತ್ತು. ಬೆಳಕಿರುವಾಗಲೇ ಮುಟ್ಟಬೇಕೆಂದು ಬಸ್ಸಿನ ನಿಲ್ದಾಣದ ಕಡೆ ಹೆಜ್ಜೆ ಹಾಕಿದೆವು.